ಪೈ 4ರಲ್ಲಿ ಹಾಡು, ಸಿನಿಮಾ ಸರ್ವರ್: ಅಡಾಪ್ಟರ್, ಡಿಸ್ಕು, ಕನ್ನಡ ಟ್ಯಾಗಿನ ತಾಪತ್ರಯ

ತಂಬೂರಿ_ಶ್ರುತಿ

ಕೈಯಲ್ಲಿರುವುದು ಇಷ್ಟು: ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ (4 ಜಿಬಿ), 32 ಜಿಬಿ ಎಸ್‌ಡಿ ಕಾರ್ಡು, ಯುಎಸ್‌ಬಿಯಿಂದಲೇ ಕರೆಂಟು ತಗೊಳ್ಳುವ 2 ಟಿಬಿ ಡಿಸ್ಕು. ಡಿಸ್ಕು ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಆಗಿದ್ದು, ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನಲ್ಲಿ ಫೈಲ್ ಜೋಡಿಸುವ ಬಗೆ). ಹಾಡು ಸುಮಾರು 18 ಸಾವಿರ, ಅರ್ಧ ಎಂಪಿ3, ಅರ್ಧ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲು). ಕಛೇರಿ ರೆಕಾರ್ಡಿಂಗು, ದಾಸರ ಪದ, ಭಾವಗೀತೆ, ಹಳೇ ಸಿನಿಮಾ ಹಾಡು. ಸಿನಿಮಾ ಇನ್ನೂರರ ಹತ್ತಿರ. ಹಾಲಿನ ಆಂಪ್ಲಿಫೈಯರ್‌ನಲ್ಲಿ ಹಾಡು ಬರಬೇಕು, ಫೋನಿನಲ್ಲೂ ಸಿಗಬೇಕು, ಸಿನಿಮಾ ಟಿವಿಯಲ್ಲಿ ಓಡಬೇಕು. ಪೈ 4 ಸಾಕೋ, ಪೈ 5 ತಗೋಬೇಕೋ? ಸಾಫ್ಟ್‌ವೇರ್ ಯಾವುದು?

ಬೆಸುಗೆ_ಕಡ್ಡಿ

ಸಾಫ್ಟ್‌ವೇರ್ ವಿಷಯ ಆಮೇಲಾಗಲಿ. ಇಂಥ ಸರ್ವರ್ ಕೈಕೊಡುವುದು ಬಹುಪಾಲು ಅಡಾಪ್ಟರ್, ಕೇಬಲ್, ಡಿಸ್ಕು ಈ ಮೂರರಿಂದ. ಸಾಫ್ಟ್‌ವೇರಿಗೆ ಬೈಗುಳ ಸುಮ್ಮನೆ ಬೀಳುತ್ತದೆ.

ಬರೀ ಹಾಡಿಗಾದರೆ ಪೈ 4 ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು. ಪೈ 5 ಕೊಳ್ಳುವ ಮೊದಲು ಎರಡು ಮಾತು ತಿಳಿದಿರಲಿ. ಅದರಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲ. ಜೊತೆಗೆ ಅದು 5 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಕೇಳುತ್ತದೆ. 3 ಆಂಪಿಯರ್‌ನದ್ದು ಹಾಕಿದರೆ ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಅಷ್ಟರಲ್ಲಿ ನಿಮ್ಮ ಡಿಸ್ಕು ತಿರುಗುವುದೇ ಅನುಮಾನ.

ಪೈ 4ರಲ್ಲಿ ನಾಲ್ಕೂ ಪೋರ್ಟು ಸೇರಿ 1.2 ಆಂಪಿಯರ್ ಮಿತಿ. 2.5 ಇಂಚಿನ ಡಿಸ್ಕು ತಿರುಗಲು ಶುರುವಾಗುವ ಕ್ಷಣದಲ್ಲಿ 1 ಆಂಪಿಯರ್ ಹತ್ತಿರ ಎಳೆಯಬಹುದು. ಹಾಗಾಗಿ ಒಂದು ಡಿಸ್ಕು ಸರಿ, ಎರಡನೆಯದು ಹಾಕುವುದಾದರೆ ಸ್ವಂತ ಅಡಾಪ್ಟರ್ ಇರುವ ಹಬ್ ಬೇಕೇಬೇಕು. ಫೋನ್ ಚಾರ್ಜರ್ ಹಾಕಬೇಡಿ. ಅದರ ಮೇಲೆ 3 ಆಂಪಿಯರ್ ಎಂದು ಬರೆದಿದ್ದರೂ ತೆಳ್ಳನೆ ಕೇಬಲ್ಲಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. ಪೈಯ ಅಸಲಿ ಅಡಾಪ್ಟರ್ 5.1 ವೋಲ್ಟ್ ಕೊಡುತ್ತದೆ, ಕೇಬಲ್ಲು ಅದಕ್ಕೇ ಅಂಟಿಕೊಂಡು ಬರುತ್ತದೆ. ಆ 0.1 ಇಟ್ಟಿರುವುದೇ ಈ ಕುಸಿತಕ್ಕಾಗಿ.

ಜೋಳದ_ರೊಟ್ಟಿ

ವೋಲ್ಟೇಜ್ ಕಮ್ಮಿ ಆಗೈತೋ ಇಲ್ಲೋ ಅಂತ ಗೊತ್ತ ಹೆಂಗ ಮಾಡೂದ್ರೀ? ಟಿವಿಗೆ ಹಚ್ಚಿದ್ರ ಮಿಂಚಿನ ಗುರುತು ಬರ್ತೈತಿ, ಆದ್ರ ಸರ್ವರ್‌ಗೆ ಪರದೆ ಯಾರು ಹಚ್ಚತಾರ?

ಬೆಸುಗೆ_ಕಡ್ಡಿ

ಪರದೆ ಬೇಡ. ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್‌ನಲ್ಲಿ ಒಳಹೊಕ್ಕು 'ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್' ಆಜ್ಞೆ ಕೊಡಿ. 0ಎಕ್ಸ್0 ಬಂದರೆ ಎಲ್ಲ ಸರಿ. 0ಎಕ್ಸ್50005 ಬಂದರೆ ಈಗಲೇ ವೋಲ್ಟೇಜ್ ಕಡಿಮೆ ಇದೆ, ಪ್ರೊಸೆಸರ್ ನಿಧಾನವಾಗಿದೆ ಅಂತ. 0ಎಕ್ಸ್50000 ಬಂದರೆ ಈಗ ಸರಿಯಿದೆ, ಆದರೆ ಬೂಟ್ ಆದಮೇಲೆ ಯಾವಾಗಲೋ ಕುಸಿದಿತ್ತು. ಡಿಸ್ಕು ಎಚ್ಚರಗೊಳ್ಳುವಾಗ ಮಾತ್ರ ಕುಸಿಯುವ ಅಡಾಪ್ಟರುಗಳು ಈ ಕೊನೆಯ ಅಂಕಿಯಲ್ಲೇ ಸಿಕ್ಕಿಬೀಳುವುದು. ಗೆರೆ ಇರುವುದು 4.63 ವೋಲ್ಟ್‌ನಲ್ಲಿ, ಅದಕ್ಕಿಂತ ಇಳಿದರೆ ಕಡಿಮೆ ಎಂದು ಲೆಕ್ಕ.

ಬಿಸಿಯ ಬಗ್ಗೆಯೂ ಹೇಳಿಬಿಡುತ್ತೇನೆ. 80 ಡಿಗ್ರಿ ದಾಟಿದರೆ ಪೈ ತಾನಾಗಿ ವೇಗ ಇಳಿಸುತ್ತದೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಟಿವಿ ಸ್ಟ್ಯಾಂಡಿನ ಮುಚ್ಚಿದ ಕಪಾಟಿನೊಳಗೆ ಇಟ್ಟರೆ ಖಂಡಿತ ದಾಟುತ್ತದೆ. ಫ್ಯಾನ್ ಬೇಡ, ಅದರ ಸದ್ದು ಹಾಲಿನಲ್ಲಿ ಕಿರಿಕಿರಿ. ಇಡೀ ಡಬ್ಬಿಯೇ ಹೀಟ್‌ಸಿಂಕ್ ಆಗಿರುವ ಅಲ್ಯೂಮಿನಿಯಂ ಕೇಸ್ ಹಾಕಿ.

ಕಪ್ಪು_ತೆರೆ

ಡಿಸ್ಕಿನ ವಿಷಯ ನನಗೆ ಬಿಡಿ.

ಎನ್‌ಟಿಎಫ್‌ಎಸ್‌ನಲ್ಲೇ ಓಡಿಸಬಹುದು, ಆದರೆ ಬೇಡ. ಪೈಯಲ್ಲಿ ಓಡುವ ಲಿನಕ್ಸ್‌ನ ಫೈಲ್ ಅನುಮತಿಗಳು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ, ಕರೆಂಟು ಹೋಗಿ ಬಂದಮೇಲೆ 'ವಿಂಡೋಸ್‌ನಲ್ಲಿ ರಿಪೇರಿ ಮಾಡಿ' ಎಂದು ಹಠ ಹಿಡಿಯುತ್ತದೆ. ಎಕ್ಸ್‌ಫ್ಯಾಟ್ ಇನ್ನೂ ಕೆಟ್ಟದ್ದು, ಅದರಲ್ಲಿ ಜರ್ನಲ್ಲೇ (ಅರ್ಧಕ್ಕೆ ನಿಂತ ಬರವಣಿಗೆ ಸರಿಪಡಿಸಲು ಇಡುವ ದಾಖಲೆ) ಇಲ್ಲ. ಲಿನಕ್ಸ್‌ನದೇ ಆದ ಎಕ್ಸ್‌ಟಿ4 ಮಾಡಿ. ಇದ್ದಲ್ಲೇ ಬದಲಾಯಿಸಲು ಬರುವುದಿಲ್ಲ. ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ಫಾರ್ಮ್ಯಾಟ್ ಮಾಡಿ, ವಾಪಸ್ ತರಬೇಕು. ಹೇಗೂ ಬ್ಯಾಕಪ್‌ಗೆ ಎರಡನೇ ಡಿಸ್ಕು ಬೇಕಲ್ಲ, ಅದನ್ನು ಈಗಲೇ ಕೊಂಡುಬಿಡಿ.

ಫಾರ್ಮ್ಯಾಟ್ ಮಾಡುವಾಗ 'ಎಂ' ಆಯ್ಕೆಗೆ 0 ಕೊಡಿ. ಎಕ್ಸ್‌ಟಿ4 ತಾನಾಗಿ ನೂರಕ್ಕೆ 5 ಭಾಗ ಜಾಗವನ್ನು ರೂಟ್ ಎಂಬ ಸರ್ವಾಧಿಕಾರದ ಬಳಕೆದಾರನಿಗೆ ಕಾದಿಡುತ್ತದೆ. 2 ಟಿಬಿಯಲ್ಲಿ ಅದು 100 ಜಿಬಿ, ಹಾಡಿನ ಡಿಸ್ಕಿನಲ್ಲಿ ಶುದ್ಧ ದಂಡ. ಮರೆತಿದ್ದರೆ ಆಮೇಲೂ ಟ್ಯೂನ್‌2ಎಫ್‌ಎಸ್‌ನಿಂದ ಸರಿಮಾಡಬಹುದು.

ಮೌಂಟ್ ಮಾಡುವುದು, ಅಂದರೆ ಡಿಸ್ಕನ್ನು ಒಂದು ಫೋಲ್ಡರಾಗಿ ಕೂರಿಸುವುದು, ಎಫ್‌ಸ್ಟ್ಯಾಬ್ ಫೈಲಿನಲ್ಲಿ, ಯುಯುಐಡಿ (ಡಿಸ್ಕಿನ ಬದಲಾಗದ ಗುರುತು) ಬಳಸಿ. ಎಸ್‌ಡಿಎ, ಎಸ್‌ಡಿಬಿ ಹೆಸರು ಬಳಸಿದರೆ ಎರಡನೇ ಡಿಸ್ಕು ಚುಚ್ಚಿದ ದಿನ ಅದಲುಬದಲಾಗುತ್ತದೆ. ಆಯ್ಕೆಗಳಲ್ಲಿ 'ನೋಫೇಲ್' ಇರಲೇಬೇಕು. ಇಲ್ಲದಿದ್ದರೆ ಡಿಸ್ಕಿನ ವೈರು ಸಡಿಲವಾದ ದಿನ ಪೈ ಬೂಟ್ ಆಗದೆ ಅರ್ಧದಲ್ಲಿ ನಿಲ್ಲುತ್ತದೆ, ಪರದೆ ಇಲ್ಲದ್ದರಿಂದ ಯಾಕೆಂದೂ ಗೊತ್ತಾಗುವುದಿಲ್ಲ.

ಆದರೆ ನೋಫೇಲ್‌ನದ್ದೇ ಒಂದು ಬಲೆ ಇದೆ. ಡಿಸ್ಕು ಬರಲಿಲ್ಲ ಎಂದಿಟ್ಟುಕೊಳ್ಳಿ, ಪೈ ಬೂಟ್ ಆಗುತ್ತದೆ, ಮೌಂಟ್ ಆಗಬೇಕಿದ್ದ ಫೋಲ್ಡರ್ ಖಾಲಿ ಇರುತ್ತದೆ. ಹಾಡಿನ ಸರ್ವರ್ ಅದನ್ನು ಸ್ಕ್ಯಾನ್ ಮಾಡಿ 'ಹಾಡೆಲ್ಲ ಅಳಿಸಿಹೋಗಿದೆ' ಎಂದುಕೊಳ್ಳುತ್ತದೆ. ಡೌನ್‌ಲೋಡ್, ಬ್ಯಾಕಪ್ ಕೆಲಸಗಳು ಆ ಖಾಲಿ ಫೋಲ್ಡರಿಗೇ, ಅಂದರೆ ಎಸ್‌ಡಿ ಕಾರ್ಡಿಗೇ ಬರೆಯತೊಡಗುತ್ತವೆ. 32 ಜಿಬಿ ಒಂದೇ ರಾತ್ರಿಯಲ್ಲಿ ತುಂಬಿ ಪೈ ಮಲಗುತ್ತದೆ. ಪರಿಹಾರ ಒಂದೇ ಸಾಲು. ಡಿಸ್ಕು ಮೌಂಟ್ ಆಗಿಲ್ಲದಾಗ ಆ ಖಾಲಿ ಫೋಲ್ಡರಿನ ಮೇಲೆ 'ಚ್ಯಾಟರ್ ಪ್ಲಸ್ ಐ' ಹಾಕಿ. ಆಗ ಅದರೊಳಗೆ ರೂಟ್ ಕೂಡ ಏನನ್ನೂ ಬರೆಯಲಾರ. ಡಿಸ್ಕು ಮೌಂಟ್ ಆದಾಗ ಡಿಸ್ಕಿನ ಅನುಮತಿಯೇ ನಡೆಯುತ್ತದೆ, ಯಾವ ಅಡ್ಡಿಯೂ ಇಲ್ಲ.

ಕರಾವಳಿ_ಕೇಬಲ್

ಇದಕ್ಕೆ ಒಂದು ಸೇರಿಸಿ ಮಾರಾಯ್ರೆ. ಕೆಲವು ಡಿಸ್ಕ್ ಡಬ್ಬಿಗಳ ಒಳಗಿನ, ಡಿಸ್ಕನ್ನು ಯುಎಸ್‌ಬಿಗೆ ಬೆಸೆಯುವ ಸಾಟಾ ಚಿಪ್ಪಿಗೂ ಪೈಯ ಯುಎಸ್‌ಬಿ 3ಕ್ಕೂ ಆಗಿಬರುವುದಿಲ್ಲ. ದೊಡ್ಡ ಫೈಲ್ ನಕಲು ಮಾಡುವಾಗ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತದೆ, ಡಿಮೆಸೇಜ್ ಆಜ್ಞೆ ತೋರಿಸುವ ಸಿಸ್ಟಂ ದಾಖಲೆಯಲ್ಲಿ 'ಯುಎಎಸ್... ಅಬಾರ್ಟ್' ಅಂತ ಸಾಲು ಸಾಲು ಬರುತ್ತದೆ. ಡಿಸ್ಕು ಹೋಯಿತು ಅಂತ ಬಿಸಾಡುವವರುಂಟು. ಡಿಸ್ಕಿನದ್ದು ತಪ್ಪಲ್ಲ. ಎಲ್‌ಎಸ್‌ಯುಎಸ್‌ಬಿ ಆಜ್ಞೆಯಲ್ಲಿ ಆ ಡಬ್ಬಿಯ ಎಂಟಂಕಿ ಗುರುತು ನೋಡಿ, ಬೂಟ್ ಆಯ್ಕೆಗಳಿರುವ ಸಿಎಂಡಿಲೈನ್ ಫೈಲಿನಲ್ಲಿ ಯುಎಸ್‌ಬಿ-ಸ್ಟೋರೇಜ್ ಕ್ವರ್ಕ್ಸ್ ಎಂಬಲ್ಲಿ ಆ ಗುರುತನ್ನೂ ಕೊನೆಗೆ 'ಯು' ಅಕ್ಷರವನ್ನೂ ಹಾಕಿ. ಆ ಫೈಲು ಪೂರ್ತಿ ಒಂದೇ ಸಾಲಿನಲ್ಲಿರಬೇಕು, ಎಂಟರ್ ಒತ್ತಿದರೆ ಪೈ ಬೂಟೇ ಆಗಲಿಕ್ಕಿಲ್ಲ. ಈಗಿನ ಓಎಸ್‌ನಲ್ಲಿ ಫೈಲ್ ಇರುವುದು ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿ. ಯುಎಎಸ್ ಎಂಬ ವೇಗದ ವಿಧಾನ ಆಫ್ ಆಗಿ ವೇಗ ಸ್ವಲ್ಪ ಇಳಿಯುತ್ತದೆ, ಹಾಡಿಗೆ ಅದು ಲೆಕ್ಕಕ್ಕೇ ಇಲ್ಲ.

ಮತ್ತೆ, ಯುಎಸ್‌ಬಿ 3 ಡಿಸ್ಕು ಪೈಗೆ ಒತ್ತಿಕೊಂಡು ಕೂತರೆ 2.4 ಗಿಗಾಹರ್ಟ್ಸ್ ವೈಫೈ ಹಾಳಾಗುತ್ತದೆ. ಸರ್ವರ್‌ಗೆ ಲ್ಯಾನ್ ಕೇಬಲ್ ಹಾಕಿ, ತಲೆಬಿಸಿಯೇ ಬೇಡ. ಎತ್‌ಟೂಲ್ ಆಜ್ಞೆಯಲ್ಲಿ ವೇಗ 1000 (ಮೆಗಾಬಿಟ್) ತೋರಿಸಬೇಕು. 100 ತೋರಿಸಿದರೆ ಎಂಟು ತಂತಿಗಳಲ್ಲಿ ಯಾವುದೋ ಒಂದು ಕ್ರಿಂಪ್‌ನಲ್ಲಿ ಕೂತಿಲ್ಲ ಅಂತ ಅರ್ಥ.

ತಂಬೂರಿ_ಶ್ರುತಿ

ಕರೆಂಟು ದಿನಕ್ಕೆ ಎರಡು ಮೂರು ಸಲ ಹೋಗುತ್ತದೆ. ಮನೆಗೆ ಇನ್ವರ್ಟರ್ ಇದೆ, ಆದರೂ ಪೈ ರೀಸ್ಟಾರ್ಟ್ ಆಗುತ್ತದೆ. ದಿನವಿಡೀ ಓಡಿದರೆ ಬಿಲ್ ಎಷ್ಟು ಏರಬಹುದು?

ಬೆಸುಗೆ_ಕಡ್ಡಿ

ಪೈ 4, ಒಂದು ಡಿಸ್ಕು ಸೇರಿ 7 ವ್ಯಾಟ್ ಹಿಡಿಯಿರಿ. ತಿಂಗಳಿಗೆ 5 ಯೂನಿಟ್.

ಇನ್ವರ್ಟರ್‌ನ ಹಿಂದೆ ಒಂದು ಸ್ವಿಚ್ ಇರುತ್ತದೆ ನೋಡಿ, ಒಂದು ಕಡೆ 'ಯುಪಿಎಸ್', ಇನ್ನೊಂದು ಕಡೆ 'ನಾರ್ಮಲ್' ಅಥವಾ 'ಎಕೋ'. ನಾರ್ಮಲ್‌ನಲ್ಲಿದ್ದರೆ ಬದಲಾಗುವಾಗಿನ ಸಂದು ಉದ್ದ. ಫ್ಯಾನಿಗೆ, ಟ್ಯೂಬ್‌ಲೈಟಿಗೆ ತಿಳಿಯುವುದಿಲ್ಲ, ಪೈಗೆ ತಿಳಿಯುತ್ತದೆ. ಯುಪಿಎಸ್ ಕಡೆಗೆ ತಳ್ಳಿ. ರೂಟರ್‌ಗೆಂದು ಮಾರುವ ಪುಟ್ಟ ಯುಪಿಎಸ್‌ಗೆ ಪೈ ಸಿಕ್ಕಿಸುವ ಮೊದಲು ಅದರ 5 ವೋಲ್ಟ್ ಪೋರ್ಟ್ ಎಷ್ಟು ಆಂಪಿಯರ್ ಕೊಡುತ್ತದೆ ಓದಿ. ಎಷ್ಟೋ ಡಬ್ಬಿಗಳಲ್ಲಿ ಅದು 2 ಮಾತ್ರ, ಮತ್ತೆ ಅದೇ ಮಿಂಚಿನ ಗುರುತು. ಪವರ್ ಬ್ಯಾಂಕ್ ಬೇಡ. ಚಾರ್ಜ್ ಆಗುತ್ತಲೇ ಕರೆಂಟು ಕೊಡುವಂಥವು ಸಹ ಕೆಲವು ಕರೆಂಟು ಹೋದ ಕ್ಷಣ ಕಣ್ಣು ಮಿಟುಕಿಸುತ್ತವೆ.

ಕಪ್ಪು_ತೆರೆ

ಕರೆಂಟು ಹೋದಾಗ ಸಾಯುವುದು ಡಿಸ್ಕಲ್ಲ, ಎಸ್‌ಡಿ ಕಾರ್ಡು. ಸರ್ವರ್‌ಗಳ ಡೇಟಾಬೇಸ್, ಕ್ಯಾಶ್ ಎಲ್ಲ ಡಿಸ್ಕಿನ ಮೇಲೆ ಇಡಿ. ಕಾರ್ಡಿನಲ್ಲಿ ಓಎಸ್ ಬಿಟ್ಟು ಏನೂ ಇರಬಾರದು. ಎಲ್ಲ ಹೊಂದಿಸಿ ಮುಗಿದಮೇಲೆ ಪೈಯ ಸೆಟ್ಟಿಂಗ್ ಮೆನುವಾದ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿದರೆ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ. ಅಪ್‌ಡೇಟ್ ಮಾಡುವಾಗ ಮಾತ್ರ ಆಫ್ ಮಾಡುವುದು ನೆನಪಿರಲಿ, ಇಲ್ಲದಿದ್ದರೆ ಮಾಡಿದ್ದೆಲ್ಲ ರೀಬೂಟ್‌ಗೆ ಗೋವಿಂದ.

ಈಗ ಸಾಫ್ಟ್‌ವೇರ್. ಒಂದೇ ಸಾಫ್ಟ್‌ವೇರ್ ಮೂರೂ ಕೆಲಸ ಮಾಡಲಿ ಅನ್ನುವ ಆಸೆ ಬಿಡಿ. ಹಾಲಿನ ಆಂಪ್ಲಿಫೈಯರ್‌ಗೆ ಎಂಪಿಡಿ, ಫೋನಿಗೆ ನ್ಯಾವಿಡ್ರೋಮ್, ಸಿನಿಮಾಗೆ ಜೆಲ್ಲಿಫಿನ್. ಮೂರೂ ಒಂದೇ ಫೋಲ್ಡರನ್ನು ಓದುತ್ತವೆ, ಬರೆಯುವ ಅನುಮತಿ ಯಾವುದಕ್ಕೂ ಬೇಡ. ಪೋರ್ಟ್ ಕ್ರಮವಾಗಿ 6600, 4533, 8096. ಓಎಸ್ 64 ಬಿಟ್ ಲೈಟ್ ಸಾಕು, ಡೆಸ್ಕ್‌ಟಾಪ್ ಇರುವುದು ಬೇಡ.

ನ್ಯಾವಿಡ್ರೋಮ್ ಬಹಳ ಹಗುರ. ಸಬ್‌ಸಾನಿಕ್ ಭಾಷೆ ಮಾತಾಡುವ ಯಾವ ಆ್ಯಪ್ ಆದರೂ ಫೋನಿನಲ್ಲಿ ನಡೆಯುತ್ತದೆ. ಹೊರಗೆ ಮೊಬೈಲ್ ಡೇಟಾದಲ್ಲಿ ಕೇಳುವಾಗ ಓಪಸ್ ಎಂಬ ಚಿಕ್ಕ ಫೈಲ್ ಬಗೆಗೆ, 128 ಕೆಬಿಪಿಎಸ್‌ಗೆ ಇಳಿಸಿ ಕಳಿಸುವಂತೆ ಹೇಳಿ, ಗಂಟೆಗೆ 58 ಎಂಬಿ ಆಗುತ್ತದೆ. ಫ್ಲ್ಯಾಕ್ ಹಾಗೇ ಕಳಿಸಿದರೆ 400 ಎಂಬಿ ಆಸುಪಾಸು. ಆವೃತ್ತಿ 0.55 ಅಥವಾ ಹೊಸದು ಹಾಕಿ. ಅದರಿಂದೀಚೆಗೆ ಫೈಲ್ ಕಾಣದಿದ್ದರೆ ತಕ್ಷಣ ಅಳಿಸುವುದಿಲ್ಲ, 'ಕಾಣೆಯಾಗಿದೆ' ಎಂದು ಗುರುತು ಹಾಕಿ ಇಟ್ಟುಕೊಳ್ಳುತ್ತದೆ.

ಬೆಸುಗೆ_ಕಡ್ಡಿ

ಆಂಪ್ಲಿಫೈಯರ್‌ಗೆ ಪೈ 4ರ ಹೆಡ್‌ಫೋನ್ ಜ್ಯಾಕ್‌ನಿಂದ ನೇರ ಹಾಕಬೇಡಿ. ಅದು ಅಸಲಿ ಡ್ಯಾಕ್ (ಡಿಜಿಟಲ್ ಹಾಡನ್ನು ಸದ್ದಿನ ಸಂಕೇತವಾಗಿಸುವ ಚಿಪ್ಪು) ಅಲ್ಲ, ಪಿಡಬ್ಲ್ಯೂಎಂ, ಅಂದರೆ ಆನ್-ಆಫ್ ಮಿಡಿತಗಳಿಂದ ಸದ್ದು ಮೂಡಿಸುವುದು. ತಂಬೂರಿ ಮಾತ್ರ ನುಡಿಯುವ ಕಡೆ ಹಿಂದಿನ ಸುಯ್ಯೆನ್ನುವ ಸದ್ದು ಎದ್ದು ಕೇಳುತ್ತದೆ. ಯುಎಸ್‌ಬಿ ಡ್ಯಾಕ್ ಹಾಕಿ. ಬೆಸುಗೆ ಬರುವುದಾದರೆ ಪಿಸಿಎಂ5102 ಚಿಪ್ಪಿನ ನೇರಳೆ ಬೋರ್ಡು ಅಗ್ಗಕ್ಕೆ ಸಿಗುತ್ತದೆ, ನಿಜಕ್ಕೂ ಚೆನ್ನಾಗಿದೆ.

ವೈರಿಂಗ್ ಹೀಗೆ: ಬೋರ್ಡಿನ ವಿಐಎನ್ ಪೈಯ 2ನೇ ಪಿನ್ನಿಗೆ, ಗ್ರೌಂಡ್ 6ಕ್ಕೆ, ಬಿಸಿಕೆ 12ಕ್ಕೆ, ಎಲ್‌ಸಿಕೆ 35ಕ್ಕೆ, ಡಿಐಎನ್ 40ಕ್ಕೆ. ಉಳಿಯುವ ಎಸ್‌ಸಿಕೆಯನ್ನು ಗ್ರೌಂಡಿಗೆ ಸೇರಿಸಬೇಕು, ತೇಲಲು ಬಿಟ್ಟರೆ ಸದ್ದು ಬರುವುದಿಲ್ಲ ಅಥವಾ ಗರಗರ ಅನ್ನುತ್ತದೆ. ಈಗ ಬೋರ್ಡು ತಿರುಗಿಸಿ. ಹಿಂದೆ ನಾಲ್ಕು ಜೋಡಿ ಪುಟ್ಟ ಪ್ಯಾಡುಗಳಿವೆ, ಪ್ರತಿಯೊಂದರ ಒಂದು ಕಡೆ 'ಎಚ್', ಇನ್ನೊಂದು ಕಡೆ 'ಎಲ್'. 1, 2, 4 'ಎಲ್' ಕಡೆಗೆ, 3 ಮಾತ್ರ 'ಎಚ್' ಕಡೆಗೆ ಬೆಸುಗೆ ಹಾಕಬೇಕು. ಮೂರನೆಯದು ಮ್ಯೂಟ್. ಅದನ್ನು ಬಿಟ್ಟ ಬೋರ್ಡುಗಳೂ ಬರುತ್ತವೆ; ಪೈಯಲ್ಲಿ ಕಾರ್ಡ್ ಕಾಣುತ್ತದೆ, ಹಾಡು ಓಡುತ್ತದೆ, ಸ್ಪೀಕರ್ ಮಾತ್ರ ಮೌನ. ಭೂತಗನ್ನಡಿ ಹಿಡಿದು ನೋಡಿ, ಪ್ಯಾಡಿನ ಮೇಲೆ ಸೀಸ ಮಿನುಗಿದರೆ ಸಾಲದು, ಎರಡನ್ನೂ ಕೂಡಿಸಿರಬೇಕು.

ಕಾನ್ಫಿಗ್ ಫೈಲಿನಲ್ಲಿ ಹೈಫೈಬೆರಿ-ಡ್ಯಾಕ್ ಓವರ್‌ಲೇ ಹಾಕಿ ಆನ್‌ಬೋರ್ಡ್ ಆಡಿಯೋ ಆಫ್ ಮಾಡಿ. ಎಂಪಿಡಿಯಲ್ಲಿ ಸಾಧನವನ್ನು ಕಾರ್ಡಿನ ಹೆಸರಿನಿಂದ ಕರೆಯಿರಿ, 0, 1 ಎಂಬ ಸಂಖ್ಯೆಯಿಂದಲ್ಲ. ಎಚ್‌ಡಿಎಂಐ ಕೂಡ ಸೌಂಡ್ ಕಾರ್ಡೇ. ಟಿವಿ ಆನ್ ಇದ್ದಾಗ ಬೂಟ್ ಆದರೆ ಸಂಖ್ಯೆ ಬದಲಾಗಿರುತ್ತದೆ, ಹಾಡು ಟಿವಿಗೆ ಹೋಗುತ್ತದೆ.

ಜೋಳದ_ರೊಟ್ಟಿ

ಎಂಪಿಡಿ ಹಾಕಿದ್ರ ಆಲಾಪನೆ, ಕೃತಿ ಬ್ಯಾರೆ ಬ್ಯಾರೆ ಟ್ರ್ಯಾಕ್ ಇದ್ರೂ ನಡುವ ಖಂಡ ಆಗೂದಿಲ್ರಿ, ಫ್ಲ್ಯಾಕ್ ಇದ್ರ. ಹಳೇ ಎಂಪಿ3 ಇದ್ರ ಮಾತ್ರ ಸಣ್ಣಂಗ ಟಪ್ ಅಂತೈತಿ. ಅದು ಎಂಪಿ3 ಮಾಡೂ ಮುಂದ ಹೊಕ್ಕಿರೂ ಮೌನ, ಪ್ಲೇಯರ್ ತಪ್ಪಲ್ಲ.

ಓಲೆಗರಿ

ಯಾರೂ ಟ್ಯಾಗಿನ, ಅಂದರೆ ಫೈಲಿನೊಳಗೆ ಬರೆದಿರುವ ಹಾಡು, ಗಾಯಕರ ವಿವರದ ಸುದ್ದಿ ಎತ್ತಲಿಲ್ಲವಲ್ಲ. 18 ಸಾವಿರ ಹಾಡಿನ ಮುಂದೆ ನಿಜವಾದ ಕೆಲಸ ಅದೇ. ಅಡಾಪ್ಟರು ಒಂದು ದಿನದ್ದು, ಟ್ಯಾಗು ಒಂದು ಮಳೆಗಾಲದ್ದು.

ಮೊದಲು ಸಿನಿಮಾ ಹಾಡು. ಒಂದು ಚಿತ್ರದಲ್ಲಿ ಆರು ಹಾಡು, ನಾಲ್ಕು ಗಾಯಕರು. 'ಆಲ್ಬಂ ಕಲಾವಿದ' ಎಂಬ ಜಾಗ ಖಾಲಿ ಇದ್ದರೆ ಒಂದೇ ಆಲ್ಬಂ ನಾಲ್ಕು ಚೂರಾಗಿ ಕಾಣುತ್ತದೆ. ಅಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕಿ, ಎಲ್ಲ ಹಾಡಿಗೂ ಒಂದೇ. ಕರ್ನಾಟಕ ಸಂಗೀತಕ್ಕೆ ಕಲಾವಿದ ಮುಖ್ಯ ಗಾಯಕರು, 'ಸಂಯೋಜಕ' ಜಾಗದಲ್ಲಿ ವಾಗ್ಗೇಯಕಾರರು. ಪುರಂದರದಾಸರನ್ನು ಕಲಾವಿದ ಎಂದು ಹಾಕಿದ ಫೈಲುಗಳು ಬೇಕಾದಷ್ಟು ಓಡಾಡುತ್ತವೆ. ರಾಗ, ತಾಳಕ್ಕೆ ಪ್ರತ್ಯೇಕ ಟ್ಯಾಗ್ ಮಾಡಿಕೊಳ್ಳಬಹುದು. ನ್ಯಾವಿಡ್ರೋಮ್‌ಗೆ ಅದನ್ನು ಕಾನ್ಫಿಗ್‌ನಲ್ಲಿ ಹೇಳಬೇಕು, 0.55ರಿಂದ ಅದು ಒಪ್ಪುತ್ತದೆ. ಟ್ಯಾಗ್ ತಿದ್ದುವ ಸಾಫ್ಟ್‌ವೇರ್ ಪಿಕಾರ್ಡ್‌ನಲ್ಲಿ ನೂರಾರು ಫೈಲು ಒಟ್ಟಿಗೆ ಆರಿಸಿ ತುಂಬಬಹುದು.

ಇನ್ನು ಅಕ್ಷರ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ, ಒತ್ತಕ್ಷರ ಆಗದಂತೆ ತಡೆಯುವುದು. ಕೆಲವು ಕೀಬೋರ್ಡ್ ಅದನ್ನು ಹಾಕುತ್ತವೆ, ಕೆಲವು ಬಿಡುತ್ತವೆ. ಬಿಟ್ಟರೆ 'ರಾಜ್ಕುಮಾರ್'. ಇನ್ನು ಕೆಲವರು 'ರಾಜಕುಮಾರ್' ಎಂದೇ ಬರೆಯುತ್ತಾರೆ. ಮುಂದೆ 'ಡಾ.' ಉಂಟೋ ಇಲ್ಲವೋ, ಚುಕ್ಕಿ ಆದಮೇಲೆ ಜಾಗ ಉಂಟೋ ಇಲ್ಲವೋ. ಒಬ್ಬ ಅಣ್ಣಾವ್ರು ಸರ್ವರ್‌ನಲ್ಲಿ ಆರು ಜನ ಆಗುತ್ತಾರೆ. ಒಂದು ರೂಪ ತೀರ್ಮಾನಿಸಿ, ಒಂದು ಪಠ್ಯ ಫೈಲಿನಲ್ಲಿ ಬರೆದಿಟ್ಟುಕೊಂಡು, ಅಲ್ಲಿಂದಲೇ ನಕಲು ಮಾಡಿ ಅಂಟಿಸಿ. ಮತ್ತೆ ಬೆರಳಚ್ಚು ಮಾಡಬೇಡಿ.

ಯುಗಳಗೀತೆಗೆ ಇಬ್ಬರ ಹೆಸರನ್ನು ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ತುರುಕಬೇಡಿ. ಎರಡು ಬೇರೆ ಬೇರೆ ಕಲಾವಿದ ಟ್ಯಾಗ್ ಕೊಡಿ.

ತಂಬೂರಿ_ಶ್ರುತಿ

ಒಂದು ವಿಚಿತ್ರ ಇದೆ. 'ತೋಡಿ' ಎಂಬ ಫೋಲ್ಡರ್ ಎರಡಿದೆ. ಹೆಸರು ಅಕ್ಷರಶಃ ಒಂದೇ, ಕಾಣದ ಅಕ್ಷರವೂ ಇಲ್ಲ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. 'ಮೋಹನ'ಕ್ಕೂ ಹೀಗೇ. 'ಹಂಸಧ್ವನಿ' ಸರಿಯಾಗಿದೆ.

ಓಲೆಗರಿ

ಮ್ಯಾಕ್‌ನಿಂದ ಬಂದ ಫೈಲು ಅದರಲ್ಲಿವೆ ಅಲ್ಲವೇ?

ಯೂನಿಕೋಡ್‌ನಲ್ಲಿ 'ೋ' ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ೆ, ೂ, ೕ ಎಂದು ಮೂರು ಸಂಕೇತವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಮ್ಯಾಕ್ ಡಿಸ್ಕುಗಳು ಫೈಲ್ ಹೆಸರನ್ನು ಬಿಡಿಸಿದ ರೂಪದಲ್ಲಿ ಇಡುತ್ತಿದ್ದವು. ಲಿನಕ್ಸ್‌ಗೆ ಬೈಟ್ ಬೇರೆಯಾದರೆ ಹೆಸರೇ ಬೇರೆ. ಹಂಸಧ್ವನಿಯಲ್ಲಿ ಇಂಥ ಚಿಹ್ನೆ ಇಲ್ಲ, ಬಚಾವಾಯಿತು. 'ಕೀರ್ತನೆ'ಯ ೀ, 'ದೇವರನಾಮ'ದ ೇ, 'ಭೈರವಿ'ಯ ೈ, 'ಕೊರವಂಜಿ'ಯ ೊ ಎಲ್ಲಕ್ಕೂ ಇದೇ ಕಾಯಿಲೆ ಬರುತ್ತದೆ.

ಕಾನ್ವ್‌ಎಂವಿ ಎಂಬ ಸಲಕರಣೆ ಇದೆ. ಎರಡೂ ಕಡೆ ಯುಟಿಎಫ್8 ಎಂದು ಕೊಟ್ಟು ಎನ್‌ಎಫ್‌ಸಿ (ಕೂಡಿಸಿದ ರೂಪ) ಆಯ್ಕೆ ಹಾಕಿ, ಒಳಗಿನ ಫೋಲ್ಡರುಗಳಿಗೂ ಅನ್ವಯಿಸುವಂತೆ ಓಡಿಸಿ. ಮೊದಲ ಸಲ ಅದು ಏನು ಬದಲಾಗುತ್ತದೆ ಎಂದು ತೋರಿಸುತ್ತದೆ ಅಷ್ಟೇ. 'ನೋಟೆಸ್ಟ್' ಸೇರಿಸಿದರೆ ಮಾತ್ರ ನಿಜವಾಗಿ ಬದಲಿಸುತ್ತದೆ. ನಿಮ್ಮಲ್ಲಿ ಎರಡು ತೋಡಿ ಇರುವುದರಿಂದ ಮೊದಲು ಒಂದರ ಫೈಲುಗಳನ್ನು ಇನ್ನೊಂದಕ್ಕೆ ಸರಿಸಿ ಖಾಲಿಯಾದದ್ದನ್ನು ತೆಗೆಯಿರಿ, ಇಲ್ಲದಿದ್ದರೆ ಹೆಸರು ಡಿಕ್ಕಿ ಹೊಡೆದು ಅದು ಬಿಟ್ಟುಬಿಡುತ್ತದೆ.

ಕರಾವಳಿ_ಕೇಬಲ್

ಸಿನಿಮಾ ವಿಷಯ ಚುಟುಕಾಗಿ. ಜೆಲ್ಲಿಫಿನ್ ಪೈಯಲ್ಲಿ ಚೆಂದ ಓಡುತ್ತದೆ, ಟಿವಿ ಆ ಫೈಲನ್ನು ಹಾಗೇ ನುಂಗುವವರೆಗೆ. ಪರಿವರ್ತನೆ ಮಾಡಿ ಕಳಿಸಬೇಕಾಗಿ ಬಂದರೆ ಪೈ ಸುಸ್ತು, ಪೈ 5ರಲ್ಲಂತೂ ವಿಡಿಯೋ ಎನ್ಕೋಡರ್ ಚಿಪ್ಪೇ ಇಲ್ಲ. ಆಡಿಯೋ ಡಿಟಿಎಸ್ ಬಗೆಯದ್ದಾಗಿದ್ದು ಟಿವಿಗೆ ಬಾರದಿದ್ದರೆ ಅಡ್ಡಿಯಿಲ್ಲ, ಆಡಿಯೋ ಮಾತ್ರ ಪರಿವರ್ತಿಸಲು ಪೈಗೆ ತ್ರಾಣ ಉಂಟು. ಕೆಡುವುದು ಸಬ್‌ಟೈಟಲ್‌ನಿಂದ. ಬ್ಲೂರೇಯ ಪಿಜಿಎಸ್ ಸಬ್‌ಟೈಟಲ್ ಚಿತ್ರರೂಪದ್ದು. ಅದು ಟಿವಿ ಆ್ಯಪ್‌ಗೆ ಬಾರದಿದ್ದರೆ ಸರ್ವರ್ ಅದನ್ನು ವಿಡಿಯೋ ಮೇಲೆ ಅಚ್ಚೊತ್ತಬೇಕು, ಅಂದರೆ ಇಡೀ ಸಿನಿಮಾ ಮತ್ತೆ ಎನ್ಕೋಡ್. ಪಠ್ಯರೂಪದ ಎಸ್‌ಆರ್‌ಟಿ ಬಳಸಿ, ಯುಟಿಎಫ್8ನಲ್ಲಿ ಉಳಿಸಿ.

ಕನ್ನಡ ಸಬ್‌ಟೈಟಲ್ ಕೆಲವು ಟಿವಿಗಳಲ್ಲಿ ಚೌಕ ಚೌಕ, ಇಲ್ಲ ಒತ್ತು ಬಿಟ್ಟುಹೋಗಿ ಬರುತ್ತದೆ. ಅದಕ್ಕೆ ಸರ್ವರ್‌ನಲ್ಲಿ ಮದ್ದಿಲ್ಲ. ಟಿವಿ ಹಿಂದೆ ಇನ್ನೊಂದು ಪೈ ಇಟ್ಟು ಕೋಡಿ ಎಂಬ ಪ್ಲೇಯರ್ ಓಡಿಸಿ, ಅದರ ಮೀಡಿಯಾ ಒಳಗಿನ ಫಾಂಟ್ಸ್ ಫೋಲ್ಡರಿಗೆ ನೋಟೋ ಸ್ಯಾನ್ಸ್ ಕನ್ನಡ ಹಾಕಿ, ಸಬ್‌ಟೈಟಲ್ ಫಾಂಟ್ ಅದನ್ನೇ ಆರಿಸಿ. ಪೈ 4 ಎಚ್.265 ಬಗೆಯ 4ಕೆ ವಿಡಿಯೋವನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ.

ಪರಿವರ್ತನೆ ಬೇಕೇಬೇಕು ಅಂತಾದರೆ ಪೈ 5ಕ್ಕೆ ದುಡ್ಡು ಹಾಕಬೇಡಿ. ಇಂಟೆಲ್ ಎನ್100 ಇರುವ ಮಿನಿ ಪಿಸಿ ತಗೊಳ್ಳಿ. ಆಫೀಸಿನಿಂದ ಬಂದ ಹಳೇ ಪುಟ್ಟ ಪಿಸಿಯಾದರೆ 7ನೇ ತಲೆಮಾರಿನ ಪ್ರೊಸೆಸರ್ ಅಥವಾ ಆಮೇಲಿನದ್ದು ನೋಡಿ. 6ನೆಯದ್ದು 10 ಬಿಟ್ ಎಚ್.265 ಹಾರ್ಡ್‌ವೇರ್‌ನಲ್ಲಿ ಬಿಡಿಸುವುದಿಲ್ಲ.

ಜೋಳದ_ರೊಟ್ಟಿ

ಹೊರಗಿಂದ ಕೇಳಾಕ ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಹತ್ತೂದಿಲ್ಲ ಅಂದ್ರ ರೂಟರ್‌ನಾಗ ವ್ಯಾನ್ ಐಪಿ (ಹೊರಗಿನ ಇಂಟರ್ನೆಟ್ ವಿಳಾಸ) ನೋಡ್ರಿ. 100.64ರಿಂದ 100.127ರ ನಡುವ ಇದ್ರ ನಿಮ್ಮ ಕಂಪನಿಯವ್ರು ಒಂದ ಐಪಿ ಹತ್ತಾರು ಮನಿಗೆ ಹಂಚ್ಯಾರ ಅಂತ ಅರ್ಥ. ಎಷ್ಟು ಪೋರ್ಟ್ ತೆಗದ್ರೂ ಒಳಗ ಬರೂದಿಲ್ಲ. ಎರಡನ್ನೂ ಖಾಸಗಿ ಜಾಲದಾಗ ಜೋಡಸೂ ಟೇಲ್‌ಸ್ಕೇಲ್ ಪೈಗೂ ಫೋನಿಗೂ ಹಾಕ್ರಿ, ಮುಗೀತು. ಪಬ್ಲಿಕ್ ಐಪಿ ಇದ್ರೂ 8096 ಬಯಲಿಗೆ ಬಿಡಬ್ಯಾಡ್ರಿ.

ಕಪ್ಪು_ತೆರೆ

ಬ್ಯಾಕಪ್‌ಗೆ ಆರ್‌ಸಿಂಕ್ (ಬದಲಾದ ಫೈಲು ಮಾತ್ರ ನಕಲು ಮಾಡುವ ಆಜ್ಞೆ) ವಾರಕ್ಕೊಮ್ಮೆ. 'ಡಿಲೀಟ್' ಆಯ್ಕೆ ಹಾಕುವವರು ಹುಷಾರು: ಮೂಲ ಡಿಸ್ಕು ಮೌಂಟ್ ಆಗದ ದಿನ ಖಾಲಿ ಫೋಲ್ಡರನ್ನೇ ಮೂಲ ಎಂದು ತಿಳಿದು ಬ್ಯಾಕಪ್ಪನ್ನೂ ಖಾಲಿ ಮಾಡುತ್ತದೆ. ಡಿಸ್ಕಿನ ಬುಡದಲ್ಲಿ 'ಇದ್ದೇನೆ' ಎಂಬ ಖಾಲಿ ಫೈಲ್ ಇಟ್ಟು, ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಅದು ಕಾಣದಿದ್ದರೆ ನಿಲ್ಲಿಸುವಂತೆ ಬರೆಯಿರಿ. ತಿಂಗಳಿಗೊಮ್ಮೆ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ 5 ಮತ್ತು 197 ಸಂಖ್ಯೆಯ ಸಾಲು (ಕೆಟ್ಟ, ಕೆಡುತ್ತಿರುವ ಜಾಗಗಳ ಲೆಕ್ಕ) ನೋಡಿ. ಯುಎಸ್‌ಬಿ ಡಬ್ಬಿಗೆ 'ಸ್ಯಾಟ್' ಎಂದು ಬಗೆ ಹೇಳಬೇಕಾಗಬಹುದು. 197 ಸೊನ್ನೆಯಿಂದ ಏರತೊಡಗಿದರೆ ಹೊಸ ಡಿಸ್ಕು ತರಲು ಹೊರಡಿ.

ತಂಬೂರಿ_ಶ್ರುತಿ

ಕಾನ್ವ್‌ಎಂವಿ ಓಡಿಸಿದೆ, ಒಂದೇ ತೋಡಿ ಉಳಿಯಿತು, ಹುಡುಕಿದರೆ ಸಿಗುತ್ತದೆ. ಆದರೆ ಹಳೇ ಪ್ಲೇಲಿಸ್ಟ್‌ಗಳಲ್ಲಿ ತೋಡಿಯ ಹಾಡೆಲ್ಲ ಮಾಯ.

ಓಲೆಗರಿ

ಪ್ಲೇಲಿಸ್ಟ್‌ನ ಎಂ3ಯು ಫೈಲಿನ ಒಳಗೆ ಹಳೇ ಹೆಸರು ಬಿಡಿಸಿದ ರೂಪದಲ್ಲೇ ಕೂತಿದೆ, ಕಾನ್ವ್‌ಎಂವಿ ಫೈಲಿನ ಒಳಗೆ ಕೈಹಾಕುವುದಿಲ್ಲ. ಫೈಲಿನೊಳಗಿನ ಪಠ್ಯ ಬದಲಿಸುವ ಯುಕಾನ್ವ್‌ನಲ್ಲಿ 'ಎನಿ-ಎನ್‌ಎಫ್‌ಸಿ' ಪರಿವರ್ತನೆ ಕೊಟ್ಟು ಪ್ರತಿ ಪ್ಲೇಲಿಸ್ಟನ್ನೂ ಹೊಸ ಫೈಲಿಗೆ ಬರೆಸಿ, ಹಳೆಯದರ ಜಾಗದಲ್ಲಿಡಿ. ಹೆಸರಿನ ಕೊನೆ ಎಂ3ಯು8 ಎಂದಿರಲಿ. ಕೈಯಲ್ಲಿ ಸರಿಸಿದ ಫೋಲ್ಡರಿನ ಹಾಡುಗಳ ದಾರಿ ಬದಲಾಗಿದ್ದರೆ ಅದನ್ನು ಮಾತ್ರ ನೀವೇ ತಿದ್ದಬೇಕು.